ಹೆಸರಿಗೆ ಬಂದ ವಜೀಫೆ

ನಮ್ಮಪ್ಪ ಸರ್ಕಾರಿ ನೌಕರಿ ಮಾಡಲೇ ಇಲ್ಲ. ಕಾಗದ ತೆಗೆದು ನೋಡಿದರೆ ಹಾಗೇ ಇದೆ. ಕುಷ್ಟಗಿಯ ಒಂದು ಕಚೇರಿಯಲ್ಲಿ ಅವನು ಮುಂಜಾನೆ ಎದ್ದು ಕಸ ಗುಡಿಸಿದ್ದು, ಸಾಹೇಬರ ಕುದುರೆಯ ಮುಂದೆ ಓಡಿದ್ದು, ಉರಿಬಿಸಿಲಲ್ಲಿ ಹಳ್ಳಿ ಹಳ್ಳಿಗೆ ಹುಕುಂ ಮುಟ್ಟಿಸಿದ್ದು, ಪಂಖದ ಹಗ್ಗ ಎಳೆಯುತ್ತ ತೂಕಡಿಸಿ ಒದೆ ತಿಂದದ್ದು, ಎಲ್ಲವೂ ನಮ್ಮ ದೊಡ್ಡಪ್ಪನ ಹೆಸರಿಗೆ ಜಮೆಯಾಗಿವೆ. ಅಪ್ಪನ ಅಣ್ಣನಾದ ಆ ಮಹಾನುಭಾವ ಅಷ್ಟು ಕಾಲವೂ ಊರಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ. ಈಗಿನವರಿಗೆ ಇದನ್ನು ಹೇಳಿದರೆ, ಅದು ಮೋಸವಲ್ಲವೇ ಅಂತ ಕೇಳುತ್ತಾರೆ. ಮೋಸ ಅಂತ ಗೊತ್ತಿದ್ದು ಮಾಡಿದ್ದರೆ ನಮ್ಮವರು ಇನ್ನಷ್ಟು ಜಾಣತನದಿಂದ ಮಾಡುತ್ತಿದ್ದರು.

ಯಲಬುರ್ಗಾ ಸೀಮೆಯಲ್ಲಿ, ಬೇವೂರಿನಿಂದ ಆಚೆಗೆ ನಮ್ಮ ಊರು. ಊರ ತಳವಾರಿಕೆ ನಮ್ಮ ಮನೆತನಕ್ಕೆ ಸೇರಿದ್ದು. ಚಾವಡಿಗೆ ಜನರನ್ನು ಕರೆಯುವುದು, ಊರು ಕಾಯುವುದು, ಬಂದ ಅಧಿಕಾರಿಗಳ ಸಾಮಾನು ಹೊರುವುದು ಈ ಕೆಲಸ. ದಫ್ತರದಲ್ಲಿ ಮನೆಯ ಹಿರಿಯನ ಹೆಸರೊಂದೇ ಇರುತ್ತಿತ್ತು. ಕೆಲಸ ಮಾತ್ರ ಅಣ್ಣತಮ್ಮಂದಿರು ಪಾಳಿ ಹಚ್ಚಿಕೊಂಡು ಮಾಡುತ್ತಿದ್ದರು. ಈ ವರ್ಷ ಅಣ್ಣನ ಪಾಳಿ, ಬರುವ ವರ್ಷ ತಮ್ಮನದು. ಹೆಸರು ಮನೆಯದು, ಕಾಲು ಯಾರದಾದರೇನು. ನಮ್ಮ ಅಜ್ಜ, ಮುತ್ತಜ್ಜ ಹೀಗೇ ನಡೆಸಿದ್ದರು. ಯಾವ ಸರ್ಕಾರವೂ ತಕರಾರು ತೆಗೆದಿರಲಿಲ್ಲ.

ಒಮ್ಮೆ ಊರಿಗೆ ಮುಕ್ಕಾಂ ಬಂದ ಸಾಹೇಬರೊಬ್ಬರು ದೊಡ್ಡಪ್ಪನ ಎತ್ತರವನ್ನೂ ಮೀಸೆಯನ್ನೂ ನೋಡಿ ಮೆಚ್ಚಿ, ಕುಷ್ಟಗಿಯ ತಮ್ಮ ಕಚೇರಿಯಲ್ಲಿ ಚಪರಾಸಿ ಮಾಡಿಕೊಂಡರು. ಅವನಿಗೆ ಎದೆಗೆ ಅಡ್ಡ ಕಟ್ಟುವ ಕೆಂಪು ಪಟ್ಟಾ, ಅದಕ್ಕೊಂದು ಹಿತ್ತಾಳೆಯ ಬಿಲ್ಲೆ ಕೊಟ್ಟರು. ಎರಡು ಸುಗ್ಗಿ ಕಳೆಯುವುದರಲ್ಲಿ ದೊಡ್ಡಪ್ಪನಿಗೆ ಸಾಕಾಯಿತು. ಮೀಸೆ ಇದ್ದವನಿಗೆ ತಲೆ ತಗ್ಗಿಸಿ ನಿಲ್ಲುವುದು ಕಷ್ಟ. ಊರಿಗೆ ಬಂದು ಪಟ್ಟಾ ಬಿಚ್ಚಿ ಅಪ್ಪನ ಕೈಗಿಟ್ಟು, ಇನ್ನು ನಿನ್ನ ಪಾಳಿ ಅಂದ. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರಿಗೆ ಚಪರಾಸಿಯ ಮುಖ ಯಾಕೆ ಬೇಕು, ಬಿಲ್ಲೆ ಕಂಡರೆ ಸಾಕು. ಅಪ್ಪ ಹೋಗಿ ಅಣ್ಣನ ಹೆಸರು ಹೇಳಿ ನಿಂತ. ಆ ಪಟ್ಟಾ ಮತ್ತೆ ಅಣ್ಣನ ಪಾಳಿಗೆ ಬರಲೇ ಇಲ್ಲ.

ಅವನಿಗೆ ಮಗಳಾಗಿ ನಾನು ಹುಟ್ಟಿದ್ದು ಕುಷ್ಟಗಿಯಲ್ಲಿ. ಓಣಿಯವರು ಅಪ್ಪನನ್ನು ದೊಡ್ಡಪ್ಪನ ಹೆಸರಿನಿಂದ ಕರೆಯುತ್ತಿದ್ದುದರಿಂದ ಅವನ ಹೆಸರು ಅದೇ ಅಂತ ನಾನು ಭಾಳ ದಿನ ತಿಳಿದಿದ್ದೆ. ಊರಿಂದ ಯಾರಾದರೂ ಬಂದು ಅವನ ನಿಜವಾದ ಹೆಸರು ಹಿಡಿದು ಕೂಗಿದರೆ ಅವನು ತಡವಾಗಿ ತಿರುಗುತ್ತಿದ್ದ. ಅವ್ವನಿಗೆ ಮಾತ್ರ ಏನೂ ತೊಂದರೆ ಆಗಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವಂತಿಲ್ಲವಲ್ಲ, ಹೇಳಬಾರದ ಹೆಸರು ಯಾವುದಾದರೇನು.

ಪಗಾರ ಆದ ಮರುದಿನ ದೊಡ್ಡಪ್ಪ ತಪ್ಪದೆ ಬರುತ್ತಿದ್ದ. ಹೆಸರು ತನ್ನದು, ಆದ್ದರಿಂದ ಪಾಲೂ ತನ್ನದು ಅಂತ ಅವನ ಲೆಕ್ಕ. ಅವ್ವ ಕೋಳಿ ಕೊಯ್ದು ಬಡಿಸುತ್ತಿದ್ದಳು, ಬಡಿಸಿ ಬಾವಿಗೆ ಹೋಗಿ ಕೊಡ ತುಂಬುವವರೆಗೂ ಬೈಯುತ್ತಿದ್ದಳು. ಕೊಟ್ಟ ಪಾಲು ಹೋಗಿ, ಉಳಿದದ್ದರಲ್ಲಿ ನಾವು ಜೋಳ ಕೊಳ್ಳಬೇಕು. ಕೈಗೆ ಬರುವ ಮೊದಲೇ ಸರ್ಕಾರ ಬೇರೆ ಒಂದಿಷ್ಟು ಮುರಿದುಕೊಳ್ಳುತ್ತಿತ್ತು. ಅದು ವಜೀಫೆಗೆ ಅಂತ ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರರು ಹೇಳಿದ್ದರು. ನಡುವೆ ಬಿಡದೆ ನೌಕರಿ ತುಂಬಿಸಿದರೆ, ಮುದುಕನಾದ ಮೇಲೆ ಸಾಯುವವರೆಗೂ ಕೂತಲ್ಲಿಗೆ ರೊಕ್ಕ ಬರುತ್ತದೆ, ನಡುವೆ ಬಿಟ್ಟರೆ ಮುರಿದದ್ದೂ ಹೋಯಿತು, ದುಡಿದದ್ದೂ ಹೋಯಿತು.

ಈ ಒಂದು ಮಾತು ಅಪ್ಪನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಗಂಗಾವತಿಯಲ್ಲಿ ಅವ್ವನ ಅಣ್ಣ ಒಬ್ಬ ಭತ್ತದ ವ್ಯಾಪಾರಿಯ ಹತ್ತಿರ ಇದ್ದ. ಬಾ, ಇಲ್ಲಿ ಗೋದಾಮು ನೋಡಿಕೋ, ಅಕ್ಕಿಯ ಅನ್ನ ಉಣ್ಣು ಅಂತ ಕರೆದ. ಅಪ್ಪ ಹೋಗಲಿಲ್ಲ. ಜ್ವರ ಬಂದರೂ ರಜೆ ಹಾಕಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಒಂದೇ, ಮುಪ್ಪಿನಲ್ಲಿ ಯಾರ ಬಾಗಿಲಿಗೂ ಹೋಗದೆ ಉಣ್ಣುವ ರೊಟ್ಟಿ. ಅವನಪ್ಪ, ಅಂದರೆ ನನ್ನ ಅಜ್ಜ, ಕಡೆಗಾಲದಲ್ಲಿ ಕಣ್ಣು ಹೋಗಿ ಮನೆಮನೆ ತಿರುಗಿ ತಂಗಳು ಬೇಡಿದ್ದನ್ನು ಅವನು ನೋಡಿದ್ದ. ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ಬೈದು ಮರೆತುಬಿಡಬಹುದಿತ್ತು.

ನೌಕರಿ ತುಂಬಲು ಇನ್ನು ಸ್ವಲ್ಪ ಕಾಲ ಉಳಿದಿತ್ತು. ಆಗ ದೊಡ್ಡಪ್ಪ ಹುಣ್ಣಿಮೆಗೆ ಹುಲಿಗಿಗೆ ಹೋದ. ಹೊಳೆಯಲ್ಲಿ ಮಿಂದು, ಹುಲಿಗೆಮ್ಮನಿಗೆ ಕಾಯಿ ಒಡೆಸಿ, ಸಿಕ್ಕಲ್ಲಿ ಸಿಕ್ಕದ್ದು ತಿಂದು ಚಕ್ಕಡಿ ಹತ್ತಿದವನಿಗೆ ದಾರಿಯಲ್ಲೇ ವಾಂತಿಭೇದಿ ಸುರುವಾಯಿತು. ಮನೆ ಮುಟ್ಟಿದಾಗ ಮಾತು ನಿಂತಿತ್ತು, ಮರುದಿನ ಉಸಿರೂ ನಿಂತಿತು. ಸುದ್ದಿ ಬಂದು ನಾವು ಕುಷ್ಟಗಿಯಿಂದ ಹೋಗುವ ಹೊತ್ತಿಗೆ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಪಕ್ಕದಲ್ಲಿ ದೊಡ್ಡವ್ವ ಕೂತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಓಣಿಯ ಹೆಂಗಸರು ಕುಂಕುಮ ಒರೆಸಿ ಬಳೆ ಒಡೆಯಲು ಸುತ್ತ ಕಾದಿದ್ದರು.

ಅಪ್ಪ ಅಣ್ಣನ ಮುಖ ನೋಡಿದ. ಅಳಲಿಲ್ಲ. ಊರ ಪಾಟೀಲನ ಕೈ ಹಿಡಿದು ಕೊಟ್ಟಿಗೆಯ ಕಡೆ ಕರೆದೊಯ್ದ. ಅಲ್ಲಿ ನಡೆದ ಮಾತನ್ನು ಅಪ್ಪ ಆಮೇಲೆ ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಸತ್ತವರ ಹೆಸರು ಮೇಲಕ್ಕೆ ಹೋಗಲೇಬೇಕು, ಬೇನೆಯ ಸಾವು ಬೇರೆ, ಬರೆಯದೆ ಬಿಟ್ಟರೆ ತನ್ನ ಕುತ್ತಿಗೆಗೆ ಬರುತ್ತದೆ ಅಂತ ಪಾಟೀಲ ಅಂದನಂತೆ. ದೊಡ್ಡಪ್ಪನ ಹೆಸರು ಹೋದರೆ ಕುಷ್ಟಗಿಯ ಚಪರಾಸಿ ಸತ್ತ ಹಾಗೆ. ಚಪರಾಸಿ ಸತ್ತರೆ ವಜೀಫೆ ಯಾರಿಗೆ. ಸತ್ತವನ ಬಿಲ್ಲೆ ಕಟ್ಟಿಕೊಂಡು ಇಷ್ಟು ವರ್ಷ ನಿಂತವನು ಯಾರು ಅಂತ ಕೇಳಿದರೆ ಜೇಲು. ಅಪ್ಪ ತನ್ನ ಹೆಸರು ಬರೆದುಕೊಳ್ಳಲು ಹೇಳಿದ. ಸತ್ತದ್ದು ತಮ್ಮ, ಬದುಕಿರುವುದು ಅಣ್ಣ. ಪಾಟೀಲ ಇದಕ್ಕೆ ಏನು ತೆಗೆದುಕೊಂಡನೋ ನನಗೆ ಗೊತ್ತಿಲ್ಲ, ಊರ ಮನೆಯಲ್ಲಿದ್ದ ಕುರಿಗಳು ಮಾತ್ರ ಆಮೇಲೆ ಕಾಣಲಿಲ್ಲ.

ಹೊರಗೆ ಬಂದು ಅಪ್ಪ ದೊಡ್ಡವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಬಳಿ ಒಡಕೋಬ್ಯಾಡ ಅತ್ತಿಗಿ," ಅಂದ. "ನಿನ್ನ ಗಂಡ ಸತ್ತಿಲ್ಲ. ಸತ್ತಾಂವ ನಾನು."

ದೊಡ್ಡವ್ವನಿಗೆ ತಿಳಿಯಲಿಲ್ಲ. ದುಃಖಕ್ಕೆ ಇವನ ತಲೆ ಕೆಟ್ಟಿತೆಂದು ಅವನನ್ನೇ ಸಮಾಧಾನ ಮಾಡಲು ಹೋದಳು. ಅವನು ಬಿಡಿಸಿ ಹೇಳಿದ. ವಜೀಫೆಯಲ್ಲಿ ಅರ್ಧ ಪಾಲು ನಿನಗೆ, ನಿನ್ನ ಹೊಟ್ಟೆಗೂ ಅದೇ ಆಧಾರ, ಬೇರೆ ಯಾರಿದ್ದಾರೆ ಅಂದ. ಅವಳು ಅಳಲು ಬಾಯಿ ತೆರೆದಳು, ಅವನು ಅಂಗೈಯಿಂದ ಅವಳ ಬಾಯಿ ಮುಚ್ಚಿದ. ಕಾದಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಮಣ್ಣು ಮಾಡಿ ಬಂದರು. ದೊಡ್ಡವ್ವ ಹಣೆಯ ಮೇಲೆ ಕುಂಕುಮ, ಕೈ ತುಂಬ ಬಳೆ ಹಾಗೇ ಇಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದಳು.

ಊರವರು ಸರ್ಕಾರಕ್ಕೆ ಹೇಳಲಿಲ್ಲ. ನಮ್ಮ ಕಡೆ ಸರ್ಕಾರ ಅಂದರೆ ಪರಕೀಯರು, ಅವರಿಗೆ ನಿಜ ಹೇಳುವುದೂ ಚಾಡಿಯೇ. ಆದರೆ ಗಂಡನನ್ನು ಮಣ್ಣಿಗಿಟ್ಟು ಕುಂಕುಮ ಹಚ್ಚಿಕೊಂಡವಳ ಪಕ್ಕ ನಿಂತು ನೀರು ಸೇದಲು ಯಾವ ಹೆಂಗಸೂ ಒಪ್ಪಲಿಲ್ಲ. ಅವಳು ಬಾವಿಗೆ ಬಂದರೆ ಕೊಡ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಅಪ್ಪ ಅವಳನ್ನು ಕುಷ್ಟಗಿಗೆ ಕರೆತಂದ. ಇವಳು ಯಾರು ಅಂತ ಓಣಿಯವರು ಕೇಳಿದಾಗ, ಹಿರಿಯಾಕೆ, ಇಷ್ಟು ದಿನ ಊರಲ್ಲಿದ್ದಳು ಅಂದ. ಹಾಗಾದರೆ ಈಕೆ ಯಾರು ಅಂತ ಅವ್ವನ ಕಡೆ ತಿರುಗಿದರು. ಕಿರಿಯಾಕೆ ಅಂದ. ಅದುವರೆಗೆ ಅವ್ವ ಆ ಓಣಿಯಲ್ಲಿ ಒಬ್ಬಳೇ ಹೆಂಡತಿಯಾಗಿದ್ದಳು.

ಅವ್ವ ಆ ಸಿಟ್ಟನ್ನು ಗಂಡನ ಮೇಲೆ ತೀರಿಸಲಾರದೆ ದೊಡ್ಡವ್ವನ ಮೇಲೆ ತೀರಿಸಿದಳು. ನನ್ನ ಅವ್ವ ಅಂತ ನಾನು ಇಲ್ಲಿ ಮುಚ್ಚಿಡುವುದಿಲ್ಲ. ಬಾಗಿಲ ಹೊರಗೆ ದೊಡ್ಡವ್ವ ಮುತ್ತೈದೆ, ಒಳಗೆ ಬಂದ ಕೂಡಲೇ ಮುಂಡೆ. ಸಂಜೆ ಬಾಗಿಲು ಹಾಕಿದ ಮೇಲೆ ಅವ್ವ ಒಂದು ಹಸಿ ಅರಿವೆ ಅವಳ ಕಡೆ ಎಸೆದು, ಒರೆಸಿಕೋ ಅನ್ನುತ್ತಿದ್ದಳು. ದೊಡ್ಡವ್ವ ಕುಂಕುಮ ಒರೆಸಿಕೊಳ್ಳುತ್ತಿದ್ದಳು. ಮುಂಜಾನೆ ಹೊರಗೆ ಹೋಗುವ ಮೊದಲು ಮತ್ತೆ ಹಚ್ಚಿಕೊಳ್ಳಬೇಕು. ಎದ್ದ ಕೂಡಲೇ ಅವಳ ಮುಖ ಕಂಡರೆ ಅಪಶಕುನ ಅಂತ ಅವ್ವ ಅವಳನ್ನು ಹಿತ್ತಲ ಕಡೆ ಮಲಗಿಸುತ್ತಿದ್ದಳು. ಬಿಸಿ ರೊಟ್ಟಿ ನಮಗೆ, ಕಟಕು ರೊಟ್ಟಿ ಅವಳಿಗೆ. ನನ್ನ ಗಂಡನ ದುಡಿಮೆಯ ಬಳೆ ಇಟ್ಟುಕೊಂಡು ಮೆರೆಯುತ್ತಾಳೆ ಅಂತ ಹಂಗಿಸುತ್ತಿದ್ದಳು. ದೊಡ್ಡವ್ವ ಆ ಕಟಕು ರೊಟ್ಟಿಯನ್ನೇ ನೀರಲ್ಲಿ ಅದ್ದಿ ತಿನ್ನುತ್ತಿದ್ದಳು. ಅವಳು ಎಲ್ಲವನ್ನೂ ಜಮೆ ಮಾಡುತ್ತಿದ್ದಳು ಅಂತ ನಮಗೆ ಆಮೇಲೆ ತಿಳಿಯಿತು.

ಒಂದೇ ಒಂದು ಸಲ ಅವಳು ಅಪ್ಪನನ್ನು ಏನೋ ಕೇಳಿದಳು. ಅಮಾವಾಸ್ಯೆಗೆ ಊರಿಗೆ ಹೋಗಿ ಗಂಡನ ಗುಂಡಿಯ ಮೇಲೆ ನಾಲ್ಕು ಹೂವಿಟ್ಟು, ಒಂದಿಷ್ಟು ಅತ್ತು ಬರುತ್ತೇನೆ, ಎದೆ ಬಿಗಿಯುತ್ತದೆ ಅಂದಳು. ಅಪ್ಪ ಪಟ್ಟಾ ಕಟ್ಟಿಕೊಳ್ಳುತ್ತಿದ್ದ.

"ಯಾರರ ನೋಡಿದ್ರ ಕೆಲಸ ಕೆಡ್ತೈತಿ," ಅಂದ. "ಸ್ವಲ್ಪ ದಿನ ತಡಿ. ವಜೀಫಾ ಒಂದ ಆಗ್ಲಿ. ಆಮ್ಯಾಲ ಬೇಕಾದಷ್ಟು ಅಳು."

ಅವನು ಅದನ್ನು ಕುಹಕಕ್ಕೆ ಅನ್ನಲಿಲ್ಲ. ನಿಜವಾಗಿಯೂ ಅವಳಿಗೆ ದಾರಿ ತೋರಿಸುತ್ತಿದ್ದೇನೆ ಅಂತಲೇ ತಿಳಿದಿದ್ದ. ನನಗೆ ಈಗಲೂ ಮೈ ಉರಿಯುವುದು ಅದಕ್ಕೇ.

ನೌಕರಿ ತುಂಬಿತು. ಅಪ್ಪನ ಹೆಸರಿನಲ್ಲಿ, ತಪ್ಪಿದೆ, ದೊಡ್ಡಪ್ಪನ ಹೆಸರಿನಲ್ಲಿ ವಜೀಫೆಯ ಕಾಗದ ಮೇಲಕ್ಕೆ ಹೋಯಿತು. ಅಪ್ಪ ಆ ದಿನಗಳಲ್ಲಿ ಹಾಡು ಗುನುಗುತ್ತಿದ್ದ. ಅಷ್ಟರಲ್ಲಿ ಯಾರೋ ಮೂಗರ್ಜಿ ಹಾಕಿದರು. ಈ ಹೆಸರಿನ ಚಪರಾಸಿ ಊರಲ್ಲಿ ಸತ್ತು ಮಣ್ಣಾಗಿದ್ದಾನೆ, ಕಚೇರಿಯಲ್ಲಿ ನಿಂತಿರುವವನು ಬೇರೆ ಅಂತ ಅದರಲ್ಲಿತ್ತು. ಊರಿನವರು ಹಾಕಿದರೋ, ತೆಗೆದುಕೊಂಡ ಕುರಿ ಸಾಲದೆಂದು ಪಾಟೀಲ ಹಾಕಿಸಿದನೋ, ಗೊತ್ತಾಗಲಿಲ್ಲ. ಪೇಶ್ಕಾರರು ಒಳ್ಳೆಯವರು, ಅಪ್ಪನಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡ ಋಣ ಅವರಿಗಿತ್ತು. ಮನೆಗೇ ಬಂದು ಹೇಳಿದರು. ವಿಚಾರಣೆಗೆ ಕಂದಾಯದ ತಪಾಸಣೆ ಮಾಡುವ ಗಿರ್ದಾವರರು ಬರುತ್ತಾರೆ. ಊರ ದಫ್ತರದಲ್ಲಿ ಸತ್ತವನು ತಮ್ಮ ಅಂತಲೇ ಇದೆ, ಅದು ಗಟ್ಟಿ. ಆದರೆ ಆ ತಮ್ಮನ ಹೆಂಡತಿಯನ್ನು ಅವರು ಕಣ್ಣಿಂದ ನೋಡಬೇಕು, ಗಂಡ ಸತ್ತಿದ್ದಾನೆ ಅಂತ ಅವಳ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಅವಳನ್ನು ತಯಾರು ಮಾಡಿ ಇಟ್ಟುಕೋ ಅಂದರು.

ತಮ್ಮನ ಹೆಂಡತಿ ಅಂದರೆ ಅವ್ವ. ಕಾಗದದ ಲೆಕ್ಕದಲ್ಲಿ ಅವಳು ವಿಧವೆಯಾಗಿ ಎರಡು ವರ್ಷ ಕಳೆದಿತ್ತು. ಅದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ದೊಡ್ಡವ್ವನಿಗೆ ಮಾತ್ರ ಹೊಳೆದಿತ್ತೆಂದು ಕಾಣುತ್ತದೆ. ಪೇಶ್ಕಾರರು ಹೋದ ಮೇಲೆ ಅವಳು ಏನೂ ಕೇಳದೆ ಹಿತ್ತಲಿಗೆ ಹೋಗಿ ಖಾರ ಅರೆಯುವ ಗುಂಡುಕಲ್ಲು ತೊಳೆದು ತಂದು ನಡುಮನೆಯಲ್ಲಿ ಇಟ್ಟಳು.

ಅವ್ವ ಕಲ್ಲು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಅಂಗಳದಲ್ಲಿ ಹುಣಸೆಹಣ್ಣು ಹಚ್ಚಿ ಬಿಲ್ಲೆ ತಿಕ್ಕುತ್ತಿದ್ದ.

"ನೀವ ಕಣ್ಣಮುಂದ ಇದ್ದಾಗ ನಾ ಬಳಿ ಒಡಕೋಬೇಕೇನ್ರಿ?" ಅಂತ ಕೇಳಿದಳು.

ಅವನು ಬಿಲ್ಲೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಎರಡ ದಿನದ ಮಾತು. ಅವರು ಹೋದ ಮ್ಯಾಲ ಬಳಿಗಾರನ್ನ ಮನಿಗೇ ಕರಸ್ತೀನಿ. ಮುಂಗೈ ತುಂಬ ಇಡಿಸ್ಕೊಳ್ಳುವಂತಿ."

ಅವ್ವ ಇನ್ನೊಂದು ಮಾತಿಗೆ ಕಾದಳು. ಅವನು ಇನ್ನಷ್ಟು ಹುಣಸೆಹಣ್ಣು ತೆಗೆದುಕೊಂಡ. ಇಷ್ಟು ವರ್ಷ ಒದೆ ತಿಂದು, ಮುರಿಸಿಕೊಂಡು, ಪಾಲು ಕೊಟ್ಟು ಕಾದ ತುತ್ತು ಬಾಯಿಯ ಹತ್ತಿರ ಬಂದಿತ್ತು. ಅದಕ್ಕೆ ಅಡ್ಡ ಬಂದದ್ದು ಏನೇ ಇರಲಿ, ಅವನು ಅದನ್ನು ಪಕ್ಕಕ್ಕೆ ಸರಿಸುತ್ತಿದ್ದ. ಅಂದು ಅಡ್ಡ ಬಂದದ್ದು ಹೆಂಡತಿಯ ಮುಂಗೈ.

ದೊಡ್ಡವ್ವ ಅವ್ವನ ಎದುರಿಗೆ ಕೂತಳು. ಆ ಮನೆಗೆ ಬಂದ ಮೇಲೆ ಅವಳು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

"ಕೈ ಚಾಚ್ ತಂಗಿ," ಅಂದಳು. "ನನಗ ಒಡಕೊಳ್ಳಾಕ ಬಿಡ್ಲಿಲ್ಲ. ನಿನಗಾರ ಛಲೋತ್ನಾಗಿ ಒಡೀತೀನಿ."

ಒಂದೇ ಏಟಿಗೆ ಎಲ್ಲವನ್ನೂ ಒಡೆಯಬಹುದಿತ್ತು. ಅವಳು ಒಂದೊಂದಾಗಿ ಒಡೆದಳು. ಹಸಿರು ಚೂರುಗಳು ನನ್ನ ಕಾಲವರೆಗೂ ಸಿಡಿದವು. ಒಂದು ಚೂರು ಚುಚ್ಚಿ ಅವ್ವನ ಮುಂಗೈಯಲ್ಲಿ ರಕ್ತ ಬಂತು, ಅವ್ವ ಕೈ ಹಿಂದೆ ತೆಗೆಯಲಿಲ್ಲ. ಬಳೆ ಮುಗಿದ ಮೇಲೆ ದೊಡ್ಡವ್ವ ಎದ್ದು ಹೋಗಿ, ತಾನು ದಿನಾ ಸಂಜೆ ಒರೆಸಿಕೊಳ್ಳುತ್ತಿದ್ದ ಅದೇ ಅರಿವೆಯನ್ನು ತಂದು ಅವ್ವನ ಹಣೆ ಒರೆಸಿದಳು. ಕಾಲುಂಗುರ ತೆಗೆಸಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ, ಅವಸರವೂ ಇರಲಿಲ್ಲ. ತಾಳಿಯನ್ನು ಮಾತ್ರ ಅವ್ವ ತಾನೇ ಬಿಚ್ಚಿದಳು. ಬಿಚ್ಚಿ ಅಂಗಳಕ್ಕೆ ಹೋಗಿ ಅಪ್ಪನ ಮುಂದೆ, ಹುಣಸೆಹಣ್ಣಿನ ಬಟ್ಟಲಿನ ಪಕ್ಕ ಇಟ್ಟಳು. ಅವನು ಅತ್ತಿತ್ತ ನೋಡಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಆಮೇಲೆ ದೊಡ್ಡವ್ವ ನನಗೆ ಪಾಠ ಹೇಳಿಕೊಟ್ಟಳು. ನಿಮ್ಮಪ್ಪ ಎಲ್ಲಿ ಅಂತ ಕೇಳಿದರೆ ಏನನ್ನುತ್ತಿ ಅಂತ ಮತ್ತೆ ಮತ್ತೆ ಕೇಳಿದಳು. ತಪ್ಪಿದರೆ ತೊಡೆ ಚಿವುಟಿದಳು.

ಮರುದಿನ ಗಿರ್ದಾವರರು ಬಂದರು. ನಮ್ಮೂರವರ ಹಾಗೆ ಓಣಿಯವರೂ ಸರ್ಕಾರದವರ ಮುಂದೆ ಬಾಯಿ ಬಿಡಲಿಲ್ಲ. ವಯಸ್ಸಾದ, ಮರ್ಯಾದಸ್ಥ ಮನುಷ್ಯ. ಕೆಟ್ಟ ಮನುಷ್ಯ ಬಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಜೋಡು ಹೊರಗೆ ಬಿಟ್ಟು, ಕಂಬಳಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಹೆಂಗಸರ ಕಡೆ ನೇರವಾಗಿ ನೋಡದೆ ಕೇಳಿದರು. ಇವರು ನಿನ್ನ ಗಂಡನೇ ಅಂತ ದೊಡ್ಡವ್ವನನ್ನು ಕೇಳಿದಾಗ ಅವಳು ಓಣಿಗೆಲ್ಲ ಕೇಳುವ ಹಾಗೆ, ಹೌದ್ರಿ, ನನ್ನ ಗಂಡ ಅಂದಳು. ಅಪ್ಪನ ಭುಜ ಒಂದಿಷ್ಟು ಸಡಿಲವಾಯಿತು. ಅವ್ವ ಬಾಗಿಲ ಚೌಕಟ್ಟಿನ ಹಿಂದೆ, ಬರಿಯ ಹಣೆಯಲ್ಲಿ ನಿಂತಿದ್ದಳು. ಇವರು ನಿನಗೆ ಏನಾಗಬೇಕು ಅಂತ ಅಪ್ಪನನ್ನು ತೋರಿಸಿ ಕೇಳಿದರು.

ಅವ್ವ ಸೆರಗು ಹಣೆಯವರೆಗೆ ಎಳೆದುಕೊಂಡಳು. "ನಮ್ಮ ಭಾವ ಅದಾರ್ರಿ."

"ನಿನ್ನ ಗಂಡ?"

"ಸತ್ತಾರ್ರಿ."

"ಯಾವಾಗ?"

"ನಿನ್ನಿ," ಅಂದಳು ಅವ್ವ.

ಅಪ್ಪ ಗಡಬಡಿಸಿ ನಡುವೆ ಬಾಯಿ ಹಾಕಿದ. ಎರಡು ವರ್ಷವಾಯಿತು ಸಾಹೇಬರೇ, ದುಃಖಕ್ಕೆ ಆಕೆಗೆ ದಿನದ ನೆನಪು ಇರುವುದಿಲ್ಲ ಅಂದ. ಗಿರ್ದಾವರರು ಪಾಪ ಅಂತ ತಲೆ ಅಲ್ಲಾಡಿಸಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಮಗಾ, ನಿಮ್ಮಪ್ಪ ಎಲ್ಲಿ ಅಂತ ಕೇಳಿದರು. ಅಪ್ಪ ಒಂದು ಮೊಳ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಹುಲಿಗಿಗೆ ಹೋಗಿ ಬಂದು ಸತ್ತಾನ್ರಿ ಅಂತ ಒಂದೂ ಅಕ್ಷರ ತಪ್ಪದೆ ಹೇಳಿದೆ. ಅಪ್ಪನ ಮುಖ ಅರಳಿತು. ಸಾಲೆಯಲ್ಲಿ ಮಗಳು ಪದ್ಯ ಒಪ್ಪಿಸಿದರೆ ತಂದೆಗೆ ಹೇಗೆ ಸಂತೋಷವಾಗುತ್ತದೋ ಹಾಗೆ. ಗಿರ್ದಾವರರು ನನ್ನ ತಲೆ ಸವರಿದರು. ಅವ್ವನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಹೋಗುವಾಗ ಅಪ್ಪನಿಗೆ, ತಮ್ಮನ ವಿಧವೆಯನ್ನೂ ತಬ್ಬಲಿ ಮಗುವನ್ನೂ ಸಾಕುತ್ತಿದ್ದೀ, ದೇವರು ನಿನಗೆ ಒಳ್ಳೆಯದು ಮಾಡುತ್ತಾನೆ ಅಂದರು. ಹುಕುಂ ಸಾಹೇಬರೇ ಅಂತ ಅಪ್ಪ ಬಾಗಿದ.

ಅವರು ಓಣಿ ದಾಟಿದ ಕೂಡಲೇ ಅಪ್ಪ ಜೇಬಿನಿಂದ ತಾಳಿ ತೆಗೆದು ಅವ್ವನ ಕಡೆ ಚಾಚಿ, ಕಟ್ಟಿಕೋ, ಆಯಿತಲ್ಲ ಅಂದ. ಅವ್ವ ಸೆರಗು ಇನ್ನೂ ಮುಂದಕ್ಕೆ ಎಳೆದುಕೊಂಡು ಅಡುಗೆಮನೆಗೆ ಹೋದಳು. ಸಿಟ್ಟು, ಎರಡು ದಿನಕ್ಕೆ ಇಳಿಯುತ್ತದೆ ಅಂತ ಅವನು ತಿಳಿದ. ಬಳೆಗಾರನನ್ನು ನಿಜವಾಗಿಯೂ ಕರೆಸಿದ. ಬಳೆಗಾರ ಪಡಸಾಲೆಯಲ್ಲಿ ಬಳೆಯ ಮಲಾರ ಬಿಚ್ಚಿ ಕೂತ, ಕೂಗಿದ, ಕಾದ, ಕಡೆಗೆ ದೊಡ್ಡವ್ವನ ಕೈಗೆ ಹೊಸ ಬಳೆ ಇಟ್ಟು ಹೋದ.

ಕಾಗದ ಮೇಲೆ ತಿರುಗಾಡುತ್ತಿದ್ದಾಗಲೇ ಕೊಪ್ಪಳದ ಕಡೆಯವರು, ಆ ಕಾಲದ ವಾಡಿಕೆಯಂತೆ, ಇನ್ನೂ ಚಿಕ್ಕವಳಾಗಿದ್ದ ನನ್ನನ್ನು ನೋಡಿ ಒಪ್ಪಿದರು. ಮದುವೆ ಕುಷ್ಟಗಿಯಲ್ಲೇ ಆಯಿತು. ಕಚೇರಿಯವರನ್ನು ಕರೆಯದೆ ಇರುವಂತಿಲ್ಲ, ಗಿರ್ದಾವರರೂ ಬಂದರು. ಆದ್ದರಿಂದ ಅಪ್ಪನ ಪಕ್ಕದಲ್ಲಿ ದೊಡ್ಡವ್ವ ಕೂತು ನನ್ನನ್ನು ಧಾರೆ ಎರೆದು ಕೊಟ್ಟಳು. ಅವ್ವ ಕಾಳು ಇಡುವ ಕೋಣೆಯೊಳಗೆ ಹೋಗಿ ಅಗಳಿ ಹಾಕಿಕೊಂಡಿದ್ದಳು. ಧಾರೆಗೆ ಮುಂಚೆ ಅಪ್ಪ ಹಿತ್ತಲಿಂದ ಹೋಗಿ, ಮಗಳ ಮುಖ ಒಮ್ಮೆ ನೋಡು ಅಂತ ಬಾಗಿಲಿಗೆ ಹಣೆ ಹಚ್ಚಿ ಬೇಡಿಕೊಂಡ. ಮುಂಡೆಯ ಮುಖ ಮದುಮಗಳು ನೋಡಬಾರದು ಅಂತ ಒಳಗಿಂದ ಉತ್ತರ ಬಂತು. ಆಮೇಲೆ ನಾನೇ ಬಾಸಿಂಗ ಕಟ್ಟಿಕೊಂಡು ಹೋಗಿ ಬಾಗಿಲು ಬಡಿದೆ. ಅವ್ವಾ, ನಾನು ಅಂದೆ. ಅವಳು ತೆರೆಯಲಿಲ್ಲ. ಒಳಗೆ ಅವಳು ಉಸಿರು ಬಿಗಿಹಿಡಿದು ಅಳುವುದು ಕೇಳಿಸುತ್ತಿತ್ತು. ಅಂದು ಅಪ್ಪನ ಮೇಲೆ ಬಂದ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅವ್ವನ ಮೇಲೂ ಸಿಟ್ಟು ಬಂತು. ಮಗಳ ಮದುವೆಯಲ್ಲಿ ಒಂದು ಗಳಿಗೆ ಹಟ ಬಿಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು.

ಪಂಚಮಿಗೆ ತವರಿಗೆ ಬಂದಾಗ ಮನೆಯಲ್ಲಿ ವಜೀಫೆ ಮಂಜೂರಾದ ಸುದ್ದಿ. ಅಪ್ಪ ಪಟ್ಟಾ, ಬಿಲ್ಲೆ ಕಚೇರಿಗೆ ಒಪ್ಪಿಸಿ, ಮೊದಲ ಸಲದ ವಜೀಫೆಯನ್ನು ರುಮಾಲಿನ ತುದಿಗೆ ಕಟ್ಟಿಕೊಂಡು ಬಂದ. ಮಕ್ಕಳು ಓಣಿಯಲ್ಲಿ ಜೋಕಾಲಿ ಆಡುತ್ತಿದ್ದರು. ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಳು. ಅವನು ಕೈಕಾಲು ತೊಳೆದು, ನೇರವಾಗಿ ಅಡುಗೆಮನೆಯ ಹೊಸ್ತಿಲ ಹತ್ತಿರ ಹೋಗಿ ಕೂತ. ಗಂಟು ಬಿಚ್ಚಿ, ಆಗ ನಮ್ಮ ಸೀಮೆಯಲ್ಲಿ ನಡೆಯುತ್ತಿದ್ದ ಹಾಲಿ ರೂಪಾಯಿಗಳನ್ನು ಹೊಸ್ತಿಲ ಮೇಲೆ ಇಟ್ಟ.

"ನೋಡ," ಅಂದ. "ಇನ್ನ ಯಾರ ಮುಂದೂ ಕೈ ಒಡ್ಡೂದು ಬ್ಯಾಡ. ಎಲ್ಲಾ ನಿನಗ ತಂದೀನಿ."

ಅವ್ವ ಉಂಡಿಯ ಕೈ ತೊಳೆದುಕೊಂಡಳು. ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಅವನಿಗೆ ಕಾಣದ ಹಾಗೆ ಬಾಗಿಲ ಮರೆಗೆ ನಿಂತಳು. ಗಂಡನ ಅಣ್ಣನ ಎದುರಿಗೆ ನಮ್ಮ ಕಡೆಯ ಹೆಂಗಸರು ನಿಲ್ಲುವುದೇ ಹಾಗೆ, ಅವನ ಮುಂದೆ ಸುಳಿಯುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ. ಗಿರ್ದಾವರರು ಬಂದು ಹೋದ ದಿನದಿಂದ, ಮದುವೆಯ ದಿನ ಕೋಣೆಯೊಳಗಿಂದ ಅಂದ ಆ ಒಂದು ಮಾತು ಬಿಟ್ಟರೆ, ಅವಳು ಅವನ ಜೊತೆ ಮಾತಾಡಿರಲಿಲ್ಲ. ಅಂದು ಆಡಿದಳು.

"ಅಕ್ಕನ ಕೈಯಾಗ ಕೊಡ್ರಿ ಭಾವಾರ. ನನ್ನ ಗಂಡ ಸರ್ಕಾರದಾಗ ದುಡಿದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಭಾವನಿಗೆ ತೋರಿಸಬೇಕಾದ ಮರ್ಯಾದೆ ಮಾತ್ರ ಇತ್ತು. ಅಪ್ಪ ಮೊದಲು ನಗಲು ನೋಡಿದ, ಆಮೇಲೆ ಅವಳನ್ನು ಏನೋ ಕರೆಯಲು ಹೋಗಿ ನಿಲ್ಲಿಸಿದ, ಆಮೇಲೆ ಹೊಸ್ತಿಲ ಮೇಲೆ ತಲೆಯಿಟ್ಟು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಕನಿಕರ ಬರಲಿಲ್ಲ. ದೊಡ್ಡವ್ವ ಬಂದು ರೂಪಾಯಿಗಳನ್ನು ಬಳಿದು ಉಡಿಯಲ್ಲಿ ಹಾಕಿಕೊಂಡು ಒಳಗೆ ಹೋದಳು. ಈಗ ಬೇಕಾದಷ್ಟು ಅಳಬಹುದಿತ್ತು ಅವಳು, ಅಳಲಿಲ್ಲ. ವಜೀಫೆ ಬರುವಷ್ಟು ದಿನವೂ ಅವಳ ಗಂಡ ಬದುಕಿರಲೇಬೇಕಾಗಿತ್ತು.

ಅಪ್ಪ ಇನ್ನೂ ಕೆಲವು ವರ್ಷ ಬದುಕಿದ. ವಜೀಫೆ ಒಂದು ತಿಂಗಳೂ ತಪ್ಪಲಿಲ್ಲ. ಅವನು ಬಯಸಿದಂತೆ ಯಾರ ಬಾಗಿಲಿಗೂ ಹೋಗದೆ ಮನೆಯಲ್ಲೇ ಕೂತು ಬಿಸಿ ರೊಟ್ಟಿ ಉಂಡ. ಅವ್ವ ಬಾಗಿಲ ಮರೆಯಿಂದ ಗಂಗಾಳ ಸರಿಸುತ್ತಿದ್ದಳು. ಅವನು ಉಂಡು, ಕೈತೊಳೆದು, ಹೊರಗೆ ಹೋದ ಸಪ್ಪಳ ಕೇಳಿದ ಮೇಲೆ ಬಂದು ಗಂಗಾಳ ಎತ್ತುತ್ತಿದ್ದಳು.